ಬಡಗು ದಿಕ್ಕಿನ ದಿಂಬು

ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದದ್ದು ಹದಿನೈದು ದಿನ. ಅದರಲ್ಲಿ ಮೊದಲ ಹನ್ನೊಂದು ದಿನ ನಾನು ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ವೈದ್ಯರನ್ನು ಕೇಳಿದೆ, ದಾದಿಯರನ್ನು ಕೇಳಿದೆ, ಪಕ್ಕದ ಮಂಚದವರ ಮಗಳನ್ನೂ ಕೇಳಿದೆ. ಅವಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕಾಲೇಜಿನಲ್ಲಿ ಪಾಠವನ್ನೂ ಮಾಡಿದೆ. ಅವಳನ್ನು ಮಾತ್ರ ಕೇಳಲಿಲ್ಲ.

ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಎಂ.ಎ. ಕನ್ನಡದ ಮಕ್ಕಳಿಗೆ ಭಾಷಾವಿಜ್ಞಾನ ಹೇಳುವವಳು. ನನ್ನ ಪಾಠ ಕಥೆ ಹೇಳಿದ ಹಾಗೆ ಇರುತ್ತದೆ ಎಂಬುದು ಮಕ್ಕಳ ದೂರು. ಪರೀಕ್ಷೆ ಮುಗಿದ ಮೇಲೆ ಅದೇ ಮೆಚ್ಚುಗೆಯಾಗುವುದೂ ಉಂಟು. ಆ ವರ್ಷ ಪಠ್ಯ ಬದಲಾಗಿ ಹೊಸ ಘಟಕವೊಂದು ಬಂದಿತ್ತು: ಸಂಜ್ಞಾನಾತ್ಮಕ ಭಾಷಾವಿಜ್ಞಾನ. ಮೊದಲ ದಿನ ಆ ಎರಡು ಪದಗಳನ್ನು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಬೈಂದೂರಿನ ಹುಡುಗಿಯೊಬ್ಬಳ ದನಿ ಬಂತು.

"ಮೇಡಂ, ಇದ್ರ್ ಹೆಸ್ರ್ ಹೇಳಿ ಮುಗ್ಸುವಷ್ಟ್ರೊಳ್ಗೆ ನಮ್ ಬಸ್ಸ್ ಹೆಮ್ಮಾಡಿ ದಾಟ್ತ್."

ತರಗತಿ ನಕ್ಕಿತು. ನಾನೂ ನಕ್ಕೆ. ಆಕೆ ಮೀನುಗಾರರ ಮನೆಯವಳು. ದಿನವೂ ಬೈಂದೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ತರಗತಿಯಲ್ಲಿ ಊರಿನ ಮಾತನ್ನು ಬಿಟ್ಟು ಪುಸ್ತಕದ ಮಾತನ್ನು ಆಡಲು ಒಪ್ಪದ ಒಬ್ಬಳೇ ಒಬ್ಬಳು. ನನಗೆ ಅವಳೆಂದರೆ ಸ್ವಲ್ಪ ಹೆಚ್ಚೇ ಇಷ್ಟ.

"ಹೆಸರು ಉದ್ದ, ವಿಷಯ ನಿಮ್ಮ ಮನೆ ಅಡುಗೆಮನೆಯಲ್ಲೇ ಇದೆ," ಎಂದೆ. "ಮೀನು ಎಂದ ಕೂಡಲೇ ಯಾವ ಮೀನು ಕಣ್ಣ ಮುಂದೆ ಬರುತ್ತದೆ? ಯೋಚಿಸದೆ ಹೇಳಿ."

"ಬಂಗ್ಡೆ," ಎಂದರು ಏಳೆಂಟು ಮಂದಿ. "ಬೂತಾಯಿ," ಎಂದರು ಇಬ್ಬರು. ಮೀನು ತಿನ್ನದ ಮನೆಯ ಹುಡುಗಿಯೊಬ್ಬಳು ಮೆಲ್ಲಗೆ, "ಗಾಜಿನ ಪೆಟ್ಟಿಗೆಯ ಗೋಲ್ಡ್ ಫಿಶ್," ಎಂದಳು.

"ಅಯ್ಯೋ, ಅದನ್ನ್ ಸಾರ್ ಮಾಡುಕಾತ್ತಾ ಮರಾಯ್ತಿ?" ಬೈಂದೂರಿನವಳು ಕೇಳಿದಳು.

"ಸಿಗಡಿ ಮೀನಾ?" ನಾನು ಮುಂದಿನ ಪ್ರಶ್ನೆ ಎಸೆದೆ. ಅಷ್ಟೇ ಸಾಕಾಯಿತು. ಮೀನಂಗಡಿಯಲ್ಲಿ ಸಿಗುತ್ತದೆ ಎಂದ ಮೇಲೆ ಮೀನೇ ಎಂದು ಹಾಲಾಡಿಯ ಹುಡುಗ ವಾದ ಹೂಡಿದ. ಹಾಗಾದರೆ ಅಲ್ಲಿ ಕೊಡುವ ಪ್ಲಾಸ್ಟಿಕ್ ಚೀಲವೂ ಮೀನೇ ಎಂದು ಬೈಂದೂರಿನವಳು. ಗಂಟೆ ಹೊಡೆಯುವವರೆಗೂ ಜಗಳ. ಕೊನೆಯ ಎರಡು ನಿಮಿಷದಲ್ಲಿ ನಾನು ಹೇಳಿದ್ದು ಇಷ್ಟು: ಪದಕ್ಕೆ ಅರ್ಥವೆಂಬುದು ನಿಘಂಟಿನಲ್ಲಿ ಬೇಲಿ ಹಾಕಿಟ್ಟ ಜಾಗವಲ್ಲ. ನಡುವೆ ಬಂಗಡೆ ಇರುತ್ತದೆ, ಅಂಚಿನಲ್ಲಿ ಸಿಗಡಿ ಇರುತ್ತದೆ. ಯಾವುದು ನಡುವೆ, ಯಾವುದು ಅಂಚು ಎನ್ನುವುದನ್ನು ನಾವು ಉಂಡದ್ದು, ಕಂಡದ್ದು, ಮುಟ್ಟಿದ್ದು ತೀರ್ಮಾನ ಮಾಡುತ್ತದೆ. ಮಾತು ಮೈಯಿಂದ ಹುಟ್ಟುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದು ಹೌದಾದರೂ ಪುಸ್ತಕ ಓದಿದಾಗ ಹೊಸದೆನಿಸಲಿಲ್ಲ. ದೊಡ್ಡಮ್ಮ ಕಲಿಸಿದ್ದಕ್ಕೆ ಯಾರೋ ಹೆಸರಿಟ್ಟಿದ್ದಾರೆ ಅನಿಸಿತು, ಅಷ್ಟೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹುಟ್ಟಿದ್ದು ಬೈಂದೂರಿನಲ್ಲಿ, ಮದುವೆಯಾಗಿ ಹೋದದ್ದು ಕೊಕ್ಕರ್ಣೆಗೆ. ಗಂಡ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ನನಗೆ ಮೂರು ವರ್ಷವಾದಾಗ ನನ್ನ ಅಮ್ಮನೂ ಹೋದಳು. ಅವಳ ಉತ್ತರಕ್ರಿಯೆಯ ಬೊಜ್ಜಕ್ಕೆಂದು ಕೋಟೇಶ್ವರದ ನಮ್ಮ ಮನೆಗೆ ಬಂದ ದೊಡ್ಡಮ್ಮ ಅಂಗಳದಲ್ಲಿ ನಿಂತಿದ್ದ ನನ್ನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು, ಮತ್ತೆ ಇಳಿಸಲಿಲ್ಲ, ನಮ್ಮ ಮನೆಯಲ್ಲೇ ಉಳಿದುಬಿಟ್ಟಳು. ನಾನು ಬಾಯಿಬಿಟ್ಟು ಆಡಿದ ಮಾತುಗಳೆಲ್ಲ ಅವಳ ಸೊಂಟದ ಮೇಲೆ ಕೂತು ಕಲಿತವು.

ಅವಳ ಮಾತಿನಲ್ಲಿ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಪೂರ್ವಕ್ಕೆ ಮೂಡು, ಪಶ್ಚಿಮಕ್ಕೆ ಪಡು, ದಕ್ಷಿಣಕ್ಕೆ ತೆಂಕು, ಉತ್ತರಕ್ಕೆ ಬಡಗು, ಈ ನಾಲ್ಕೇ. ಉಪ್ಪಿನ ಡಬ್ಬಿ ಒಲೆಯ ಪಡು ಬದಿಗೆ. ಚಪ್ಪಲಿ ಬಾಗಿಲ ತೆಂಕು ಬದಿಗೆ. ನಾನು ಊಟಕ್ಕೆ ಕೂತರೆ, "ಹೆಣ್ಣೇ, ನಿನ್ ಮೂಡ್ ಬದಿ ಕೆನ್ನಿಗ್ ಅನ್ನದ ಅಗ್ಳ್ ಅಂಟ್ಕಂಡಿತ್ತ್, ಒರ್ಸ್ಕೊ," ಎನ್ನುವಳು. ನಾನು ತಿರುಗಿ ಕೂತರೆ ಅದೇ ಕೆನ್ನೆ ಪಡು ಬದಿಯದಾಗುತ್ತಿತ್ತು. ಅದರಲ್ಲಿ ನಮಗಿಬ್ಬರಿಗೂ ಯಾವ ಗೊಂದಲವೂ ಕಾಣುತ್ತಿರಲಿಲ್ಲ. ಸೂರ್ಯ ಹುಟ್ಟುವ ಕಡೆ ಒಂದು, ಕಡಲು ಇರುವ ಕಡೆ ಒಂದು. ಮನುಷ್ಯ ತಿರುಗಿದ ಮಾತ್ರಕ್ಕೆ ಅವೂ ತಿರುಗಬೇಕೇ?

ಶಾಲೆಯಲ್ಲಿ ಇದರಿಂದ ಪೆಟ್ಟು ಬಿದ್ದದ್ದುಂಟು. ಘಟ್ಟದ ಮೇಲಿನಿಂದ ಬಂದ ಡ್ರಿಲ್ ಮಾಸ್ಟ್ರು ಒಂದು ದಿನ ನಮ್ಮನ್ನು ಬಡಗು ಮುಖ ಮಾಡಿ ನಿಲ್ಲಿಸಿ "ಎಡಕ್ಕೆ ತಿರುಗು" ಕಲಿಸಿದರು. ಎಡವೆಂದರೆ ಕಡಲಿನ ಕಡೆ ಎಂದು ನಾವೆಲ್ಲ ಅಚ್ಚುಕಟ್ಟಾಗಿ ಕಲಿತೆವು. ಮಾರನೆಯ ದಿನ ತೆಂಕು ಮುಖ ಮಾಡಿಸಿ ಅದೇ ಆಜ್ಞೆ ಕೊಟ್ಟರು. ಇಡೀ ತರಗತಿ ಮತ್ತೆ ಕಡಲಿಗೇ ತಿರುಗಿತು. ನಾವು ಬೇಕೆಂದೇ ತಮಾಷೆ ಮಾಡುತ್ತಿದ್ದೇವೆ ಎಂದುಕೊಂಡ ಮಾಸ್ಟ್ರು ಬೆತ್ತ ತೆಗೆದರು. ಮನೆಗೆ ಬಂದು ಅಳುತ್ತ ಹೇಳಿದಾಗ ದೊಡ್ಡಮ್ಮನಿಗೆ ಸಿಟ್ಟು ಬಂದದ್ದು ಪೆಟ್ಟಿಗಲ್ಲ. "ದಿನಕ್ಕೊಂದ್ ಬದಿಗ್ ಹೋಪ ದಿಕ್ಕ್ ಎಂತ ದಿಕ್ಕೋ! ಆ ಮಾಸ್ಟ್ರಿಗ್ ಮನಿ ದಾರಿ ಹ್ಯಾಂಗ್ ಗೊತ್ತಾತ್ತ್?" ಎಂದು ಪೇಚಾಡಿದಳು.

ಮಲಗುವುದಕ್ಕೂ ಅವಳದು ಒಂದು ಕಟ್ಟಳೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದೇ. ತಲೆ ಮೂಡಕ್ಕೆ ಇರಲಿ, ತೆಂಕಿಗೆ ಇರಲಿ. ಬಡಗು ದಿಕ್ಕಿಗೆ ಮಾತ್ರ ದಿಂಬು ಇಡಬಾರದು, ಆಯುಷ್ಯಕ್ಕೆ ಕೆಟ್ಟದ್ದು. ನೆಂಟರ ಮನೆಗೆ ಹೋದರೆ ಚಾಪೆ ಬಿಡಿಸುವ ಮೊದಲೇ ಅವಳಿಗೆ ದಿಕ್ಕು ಗೊತ್ತಾಗಿರುತ್ತಿತ್ತು. ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಅಂಗಳದಲ್ಲಿ ಹಪ್ಪಳ ಒಣಗಿಸಲು ಹರಡುತ್ತಿದ್ದವಳು ಹಾಗೆಯೇ ಕೂತುಬಿಟ್ಟಳು. ನಾನು ಓಡಿ ಬಂದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. "ಅದ್... ಅದ್..." ಎಂದಳು. ಏನು ಎಂದೆ. "ಅದ್..." ಎಂದಳು ಮತ್ತೆ. ಅಷ್ಟು ಮಾತಿನವಳ ಹತ್ತಿರ ಉಳಿದದ್ದು ಅದೊಂದೇ.

ಬ್ರಹ್ಮಾವರ ದಾಟಿ ಹೆದ್ದಾರಿಯ ಬದಿಗಿದ್ದ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು. ಬಲಗೈ, ಬಲಗಾಲು ಸೋತಿದ್ದವು, ಪೂರ್ತಿ ಬಿದ್ದುಹೋಗಿರಲಿಲ್ಲ. ಮಾತು ಹೋಗಿತ್ತು. ಎರಡು ದಿನಗಳ ಮೇಲೆ ಮೂರನೆಯ ಮಾಳಿಗೆಯ ವಾರ್ಡಿಗೆ ತಂದರು. ನಾಲ್ಕು ಮಂಚ, ನಡುವೆ ಹಸಿರು ಪರದೆ, ಒಂದೂ ಕಿಟಕಿ ಇಲ್ಲ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ನಾನು ಹೋದರೆ ದೊಡ್ಡಮ್ಮ ತಿರುವುಮುರುವಾಗಿ ಮಲಗಿರುತ್ತಿದ್ದಳು. ಕಾಲು ದಿಂಬಿನ ಮೇಲೆ, ತಲೆ ಕಾಲು ಇಡುವ ಕಡೆ. ದಾದಿಯರು ಎತ್ತಿ ಸರಿಯಾಗಿ ಮಲಗಿಸುವರು. ಮಧ್ಯಾಹ್ನದೊಳಗೆ ಮತ್ತೆ ತಿರುಗಿರುತ್ತಿದ್ದಳು. ಸೋತ ಮೈ ಅದು. ಎಡಗಾಲಿನಿಂದ ಮಂಚದ ಕಂಬಿಯನ್ನು ಒದ್ದು ಒದ್ದು, ಇಂಚಿಂಚಾಗಿ ಸರಿದು, ಬೆವತು, ಅರ್ಧಕ್ಕೆ ದಣಿದು ಅಡ್ಡಕ್ಕೆ ಬಿದ್ದುಕೊಂಡಿರುವುದನ್ನು ನಾನೇ ಎಷ್ಟೋ ಸಲ ಕಂಡೆ.

"ಅಜ್ಜಿ ಇವತ್ತ್ ಮೂರ್ ಸಲ ತಿರ್ಗಿದ್ರ್ ಕಾಣಿ, ಗಡಿಯಾರದ್ ಮುಳ್ಳಿನ್ ಹಾಂಗೆ," ಎನ್ನುವರು ದಾದಿ. ಕೋಟದ ಕಡೆಯವರು, ಒಳ್ಳೆಯ ಹೆಂಗಸು. ಮಾತಿನಲ್ಲಿ ಕುಹಕವಿರಲಿಲ್ಲ, ಸುಸ್ತಿತ್ತು.

ಐದನೆಯ ದಿನ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದರು. ಬಯಲುಸೀಮೆಯ ಹುಡುಗ, ಮೃದುವಾಗಿ ಮಾತಾಡುವವರು.

"ಮೇಡಂ, ಅಜ್ಜಿಗೆ ಜಾಗದ ಪ್ರಜ್ಞೆ ಉಳಿದ ಹಾಗೆ ಕಾಣಲ್ಲ. ಮಂಚದ ತಲೆ ಯಾವುದು, ಕಾಲು ಯಾವುದು ಅನ್ನೋದೂ ತಿಳೀತಿಲ್ಲ. ಮಾತು ಹೋದವರಿಗೆ ಮಾತು ಕಲಿಸೋರು ನಮ್ಮಲ್ಲಿ ಇದಾರೆ. ಬೇಗ ಶುರು ಮಾಡಿದಷ್ಟೂ ಒಳ್ಳೇದು. ಆದರೆ ಅದಕ್ಕೆ ಎದುರಿನವರು ಹೇಳಿದ್ದು ಒಳಗೆ ಹೋಗಬೇಕಲ್ಲ. ಈ ಸ್ಥಿತೀಲಿ ಪ್ರಯೋಜನ ಇಲ್ಲ."

"ಮುಂದೆ?"

"ಕಾದು ನೋಡೋಣ. ಸುಧಾರಿಸಲಿಲ್ಲ ಅಂದ್ರೆ ಮನೇಲಿ ಆರೈಕೆ."

ಅಂದರೆ ವಿಷಯ ಸ್ಪಷ್ಟವಿತ್ತು. ಒಳಗೆ ದೊಡ್ಡಮ್ಮ ಇದ್ದಾಳೆ ಎಂದಾದರೆ ಅವಳಿಗೆ ಮಾತು ಕಲಿಸುವ ಪ್ರಯತ್ನವಾಗುತ್ತದೆ. ಇಲ್ಲವೆಂದಾದರೆ ತಂದು ಮಲಗಿಸುವುದು. ಇದ್ದಾಳೋ ಇಲ್ಲವೋ ಎಂದು ಹೇಳಬಲ್ಲವರು ಯಾರಾದರೂ ಇದ್ದರೆ ಅದು ನಾನು. ಅವಳ ಮಾತಿನಲ್ಲೇ ಬೆಳೆದವಳು, ಸಾಲದ್ದಕ್ಕೆ ಮಾತು ಮತ್ತು ಮನಸ್ಸಿನ ನಂಟನ್ನು ಪಾಠ ಹೇಳುವವಳು. ನಾನು ತಲೆಯಾಡಿಸಿದೆ. ತಿರುಗುವಾಗ ಮಂಚದಿಂದ ಬಿದ್ದಾಳು, ಡ್ರಿಪ್ಪಿನ ಸೂಜಿ ಕಿತ್ತಾಳು ಎಂದು ಎಡಗೈಯನ್ನು ಕಂಬಿಗೆ ಕಟ್ಟಬೇಕೆಂದರು. ಅದಕ್ಕೂ ಸಹಿ ಹಾಕಿದೆ. ಮೆತ್ತನೆಯ ಬಟ್ಟೆಯಲ್ಲೇ ಕಟ್ಟಿದರು. ಕಟ್ಟುವಾಗ ದೊಡ್ಡಮ್ಮ ನನ್ನ ಮುಖ ನೋಡುತ್ತಿದ್ದಳು. ನಾನು ಡ್ರಿಪ್ಪಿನ ಬಾಟಲಿ ನೋಡುತ್ತಿದ್ದೆ.

ಆರನೆಯ ದಿನದಿಂದ ಮತ್ತೆ ಮಧ್ಯಾಹ್ನದವರೆಗೆ ಕಾಲೇಜು, ಆಮೇಲೆ ಬಸ್ಸು ಹಿಡಿದು ಆಸ್ಪತ್ರೆ. ಮೈ ಒರೆಸಲು ಕಟ್ಟು ಬಿಚ್ಚಿದಾಗಲೆಲ್ಲ ದೊಡ್ಡಮ್ಮ ಮತ್ತೆ ತಿರುಗುತ್ತಿದ್ದಳು. ಮನಸ್ಸಿಗೆ ಬೇರೆ ಕೆಲಸ ಬೇಕಿತ್ತೋ ಏನೋ, ತರಗತಿಯಲ್ಲಿ ಆ ದಿನಗಳಲ್ಲೇ ನಾನು ಚೆನ್ನಾಗಿ ಪಾಠ ಮಾಡಿದೆ. ಸಿಟ್ಟು ನೆತ್ತಿಗೇರುವುದು, ಒಳಗೇ ಕುದಿಯುವುದು, ತಣ್ಣಗಾಗುವುದು. ಹಾಗಾದರೆ ನಮ್ಮ ಮಾತಿನ ಪ್ರಕಾರ ಮೈ ಎಂದರೆ ಒಲೆಯ ಮೇಲಿಟ್ಟ ಪಾತ್ರೆ, ಸಿಟ್ಟು ಅದರೊಳಗಿನ ನೀರು. ಖುಷಿಯಾದಾಗ ಉಬ್ಬುತ್ತೇವೆ, ದುಃಖದಲ್ಲಿ ಕುಗ್ಗುತ್ತೇವೆ, ಕುಸಿಯುತ್ತೇವೆ. ಸುಖ ಮೇಲೆ, ಸಂಕಟ ಕೆಳಗೆ. ಮಕ್ಕಳು ಮನೆಯಿಂದ ಹೊಸ ಹೊಸ ಉದಾಹರಣೆ ತಂದರು. ಹಾಲಾಡಿಯ ಹುಡುಗ ಅವನ ಅಜ್ಜಿಯ ಬೈಗುಳಗಳನ್ನೇ ಒಂದು ಪಟ್ಟಿ ಮಾಡಿಕೊಂಡು ಬಂದ. ಅರ್ಧವನ್ನು ಓದಿಸಿದೆ, ಉಳಿದರ್ಧವನ್ನು ಅವನ ಪುಸ್ತಕದಲ್ಲೇ ಬಿಟ್ಟೆ.

ಹನ್ನೊಂದನೆಯ ದಿನ, ಮಂಗಳವಾರ, ದಿಕ್ಕುಗಳ ಪಾಠ. ಎಲ್ಲರನ್ನೂ ಎದ್ದು ನಿಲ್ಲಿಸಿ ಕಣ್ಣು ಮುಚ್ಚಿಸಿದೆ. ನಿಂತಲ್ಲೇ ಎರಡು ಸುತ್ತು ತಿರುಗಿ, ಈಗ ಕಡಲು ಎಲ್ಲಿದೆ ತೋರಿಸಿ ಎಂದೆ. ಬೈಂದೂರಿನವಳ ಬೆರಳು ಕಂಬದ ಹಾಗೆ ಪಡುವಣಕ್ಕೆ ನಿಂತಿತು. ಪೇಟೆಯಲ್ಲಿ ಬೆಳೆದ ಇಬ್ಬರ ಬೆರಳು ಒಂದಕ್ಕೊಂದು ಎದುರಾಗಿದ್ದವು. ಕಣ್ಣು ಬಿಟ್ಟು ನೋಡಿ ಎಲ್ಲರೂ ಕುಲುಕುಲು ನಕ್ಕರು.

ಆಮೇಲೆ ದೊಡ್ಡಮ್ಮನ ಅನ್ನದ ಅಗುಳಿನ ಕಥೆ ಹೇಳಿದೆ, ಡ್ರಿಲ್ ಮಾಸ್ಟ್ರ ಕಥೆ ಹೇಳಿದೆ. ಕೆಲವು ಭಾಷೆಗಳಲ್ಲಿ ಎಲ್ಲವನ್ನೂ ನಮ್ಮ ಮೈಯಿಂದ ಅಳೆಯುತ್ತೇವೆ, ಎಡ ಬಲ ಎಂದು. ಇನ್ನು ಕೆಲವರ ಮಾತಿನಲ್ಲಿ ಮೈಯನ್ನೇ ಜಗತ್ತಿನಿಂದ ಅಳೆಯುತ್ತಾರೆ. ಹಾಗೆ ಮಾತಾಡುವವರು ಎಲ್ಲಿ ಹೋದರೂ ದಿಕ್ಕನ್ನು ಮನಸ್ಸಿನೊಳಗೆ ಹಿಡಿದುಕೊಂಡೇ ಇರಬೇಕಾಗುತ್ತದೆ, ಯಾಕೆಂದರೆ ಅದಿಲ್ಲದೆ ಅವರಿಗೆ ಉಪ್ಪು ಕೇಳಲೂ ಬಾರದು. ಇಷ್ಟಕ್ಕೆ ನಿಲ್ಲಿಸಬಹುದಿತ್ತು.

"ದೊಡ್ಡಮ್ಮ ಈಗ ಹ್ಯಾಂಗಿದ್ರ್ ಮೇಡಂ?" ಎಂದು ಬೈಂದೂರಿನವಳು ಕೇಳಿದಳು. ಆಸ್ಪತ್ರೆಯ ವಿಷಯ ಅವರಿಗೆ ಗೊತ್ತಿತ್ತು.

ನಾನು ಹೇಳಿದೆ. ಮಾತು ಹೋಯಿತು, ಮಾತಿನ ಜೊತೆಗೆ ದಿಕ್ಕುಗಳೂ ಹೋದವು, ಈಗ ಅವರಿಗೆ ಮಂಚದ ತಲೆಗೂ ಕಾಲಿಗೂ ವ್ಯತ್ಯಾಸ ತಿಳಿಯುವುದಿಲ್ಲ, ದಿನವೂ ತಿರುಗಿ ಮಲಗುತ್ತಾರೆ. ಭಾಷೆ ಕಟ್ಟಿದ ಜಗತ್ತು ಭಾಷೆಯ ಜೊತೆಗೇ ಕುಸಿಯುತ್ತದೆ ಎಂದೆ. ವಾಕ್ಯ ಚೆನ್ನಾಗಿಯೇ ಬಂದಿತ್ತು. ಮಕ್ಕಳು ಅದನ್ನು ಬರೆದುಕೊಂಡರು.

ಗಂಟೆ ಹೊಡೆಯಿತು. ಎಲ್ಲರೂ ಹೋದ ಮೇಲೆ ಬೈಂದೂರಿನವಳು ಚೀಲ ಹೆಗಲಿಗೆ ಹಾಕಿಕೊಂಡು ಮೇಜಿನ ಹತ್ತಿರ ನಿಂತಳು. ಅವಳ ಮುಖದಲ್ಲಿ ಯಾವತ್ತಿನ ತುಂಟತನ ಇರಲಿಲ್ಲ.

"ಮೇಡಂ, ನಾನ್ ಒಂದ್ ಕೇಣ್ಲಾ? ತಪ್ಪ್ ತಿಳ್ಕಣ್ಬೇಡಿ."

"ಕೇಳು."

"ಮಂಚದ್ ತಲಿ ಯಾವ್ ಬದಿಗ್ ಇತ್ತ್?"

ನನಗೆ ಅರ್ಥವಾಗಲಿಲ್ಲ. "ಯಾವ ಬದಿ ಅಂದರೆ?"

"ದಿಂಬ್ ಇಪ್ಪದ್ ಯಾವ್ ದಿಕ್ಕಿಗ್ ಅಂತ. ಬಡಗ್ ಬದಿಗಾ?"

ಲಿಫ್ಟು ಹತ್ತಿ, ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಬಾಗಿಲು, ಎರಡನೆಯ ಮಂಚ. ದಾರಿ ನನಗೆ ಹೀಗೆ ಗೊತ್ತಿತ್ತು. ದಿಕ್ಕು ಗೊತ್ತಿರಲಿಲ್ಲ. ದಿನವೂ ಹೋಗಿ ಬಂದ ಜಾಗದಲ್ಲಿ ಮೂಡು ಯಾವುದು ಪಡು ಯಾವುದು ಎಂದು ದೊಡ್ಡಮ್ಮನ ಸೊಂಟದ ಮೇಲೆ ಮಾತು ಕಲಿತ ನನಗೆ ಗೊತ್ತಿರಲಿಲ್ಲ.

"ನಮ್ಮಜ್ಜ ಬೋಟಂಗೂ ಬಡಗ್ ಬದಿಗ್ ತಲಿ ಹಾಕ್ತಿರ್ಲಿಲ್ಲೆ ಮೇಡಂ. ಬೋಟ್ ತಿರ್ಗಿದ್ರೆ ಅವ್ರೂ ಎದ್ದ್ ತಿರ್ಗ್ತಿದ್ರ್. ಅದ್ಕೇ ಕೇಂಡೆ," ಎಂದಳು. ಆಮೇಲೆ ನನ್ನ ಮುಖ ಕಂಡು ಹೆದರಿ, "ಹಾಂಗೇ ಆಯ್ಕ್ ಅಂಬ್ದ್ ಇಲ್ಲೆ. ನೀವ್ ಒಮ್ಮೆ ಕಾಣಿ," ಎಂದಳು.

ಸ್ಟಾಫ್ ರೂಮಿಗೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ನಡೆದೆ.

ಆಸ್ಪತ್ರೆಯ ಮೂರನೆಯ ಮಾಳಿಗೆಯಲ್ಲಿ, ಓಣಿಯ ತುದಿಗೆ, ಗಾಜಿನ ಒಂದು ಸಣ್ಣ ಕಿಟಕಿ ಇತ್ತು. ಇಷ್ಟು ದಿನ ಅದರ ಮುಂದೆಯೇ ಫೋನ್ ಹಿಡಿದು ನಿಂತಿದ್ದೆ, ಹೊರಗೆ ನೋಡಿರಲಿಲ್ಲ. ನೋಡಿದೆ. ಕೆಳಗೆ ಹೆದ್ದಾರಿ, ಅದರಾಚೆ ತೆಂಗಿನ ತಲೆಗಳು, ಅದರಾಚೆ ಬಿಸಿಲಿಗೆ ಹೊಳೆಯುವ ತೆಳ್ಳನೆಯ ಗೆರೆ. ಹಾಗಾದರೆ ಇದು ಪಡು. ಬಲಗೈ ಬದಿ ಬಡಗು. ಕೈಯನ್ನು ಹಾಗೇ ಚಾಚಿಕೊಂಡು, ಹುಚ್ಚಿಯ ಹಾಗೆ, ಹಿಂದೆ ಹಿಂದೆ ನಡೆದು ವಾರ್ಡಿನೊಳಗೆ ಬಂದೆ. ಎರಡನೆಯ ಮಂಚ. ದಿಂಬು ಇದ್ದದ್ದು ನೆಟ್ಟಗೆ ಬಡಗು ಗೋಡೆಗೆ.

ದೊಡ್ಡಮ್ಮನನ್ನು ಆಗಷ್ಟೇ ಎತ್ತಿ "ಸರಿಯಾಗಿ" ಮಲಗಿಸಿದ್ದರು. ಎಡಗೈ ಕಂಬಿಗೆ ಕಟ್ಟಿತ್ತು. ಕಣ್ಣು ಛಾವಣಿಯ ಮೇಲಿತ್ತು.

ನಾನು ಬಗ್ಗಿ ಅವಳ ಮುಖದ ಹತ್ತಿರ ಹೋದೆ. ಬಾಯಿಗೆ ಬಂದದ್ದು ಕಾಲೇಜಿನ ಕನ್ನಡವಲ್ಲ.

"ದೊಡ್ಡಮ್ಮ, ದಿಂಬ್ ಬಡಗ್ ಬದಿಗ್ ಇತ್ತಲ್ದಾ? ಅದ್ಕೇ ತಿರ್ಗುದಾ ನೀನ್?"

ಅವಳ ಕಣ್ಣು ಛಾವಣಿಯಿಂದ ಇಳಿದು ನನ್ನ ಮೇಲೆ ಬಂತು. ಗಂಟಲಿನಿಂದ ಒಂದು ದನಿ ಬಂತು. ಅಳುವಲ್ಲ, ಮಾತೂ ಅಲ್ಲ. ಕಟ್ಟಿದ ಕೈಯ ತೋರುಬೆರಳು ಮೇಲೆದ್ದು ಮಂಚದ ಇನ್ನೊಂದು ತುದಿಯನ್ನು ತೋರಿಸಿತು. ತೆಂಕು. ಬೆರಳು ಇಳಿಯಲೇ ಇಲ್ಲ. ನಾನು ಗಂಟು ಬಿಚ್ಚುವವರೆಗೂ ಹಾಗೇ ನಿಂತಿತ್ತು.

ದಾದಿ ಓಡಿ ಬಂದರು. ಹೇಳಿದೆ. ಅವರು ಹಣೆಗೆ ಕೈ ಹೊಡೆದುಕೊಂಡರು.

"ಅಯ್ಯೋ ದೇವ್ರೇ, ಇಷ್ಟೇಯಾ! ನಮ್ಮನಿ ಅಜ್ಜಿಯೂ ಹೀಂಗೇ ಕಾಣಿ. ಮನೆಗ್ ನಾನೂ ಆ ಬದಿಗ್ ತಲಿ ಹಾಕುದಿಲ್ಲೆ. ಇಲ್ಲ್ ನಂಗೆ ತಲಿಗೇ ಹೋಯಿಲ್ಲೆ."

ಯಾರ ತಲೆಗೂ ಹೋಗಿರಲಿಲ್ಲ. ದಾದಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಪಕ್ಕದ ಮಂಚದವರ ಮಗಳಿಗೆ ಗೊತ್ತಿತ್ತು. ಮನೆಯಲ್ಲಿ ನಾವ್ಯಾರೂ ಹಾಗೆ ಮಲಗುವವರಲ್ಲ. ಚಪ್ಪಲಿಯ ಜೊತೆಗೆ ದಿಕ್ಕುಗಳನ್ನೂ ಬಾಗಿಲಲ್ಲಿ ಬಿಟ್ಟು ಒಳಗೆ ಬಂದಿದ್ದೆವು. ಅವಳೊಬ್ಬಳು ಬಿಟ್ಟು ಬಂದಿರಲಿಲ್ಲ. ಆಂಬುಲೆನ್ಸಿನಲ್ಲಿ ಮಲಗಿ, ಸ್ಟ್ರೆಚರಿನ ಮೇಲೆ ತಿರುಗಿ, ಲಿಫ್ಟಿನಲ್ಲಿ ಏರಿ, ಕಿಟಕಿಯಿಲ್ಲದ ಕೋಣೆಗೆ ಬಂದವಳಿಗೆ ಅದು ಹೇಗೆ ತಿಳಿದಿತ್ತೋ, ನನ್ನ ಯಾವ ಪುಸ್ತಕದಿಂದಲೂ ನಾನು ಹೇಳಲಾರೆ.

ದಿಂಬನ್ನು ತೆಂಕು ತುದಿಗೆ ಹಾಕಿ, ಡ್ರಿಪ್ಪಿನ ಸ್ಟ್ಯಾಂಡನ್ನು ಆಚೆ ಸರಿಸಿ, ಅವಳನ್ನು ತಿರುಗಿಸಿ ಮಲಗಿಸಿದೆವು. ಆಮೇಲೆ ಅವಳು ಒಮ್ಮೆಯೂ ತಿರುಗಲಿಲ್ಲ. ಅರ್ಧ ಗಂಟೆಯಲ್ಲಿ ನಿದ್ದೆ ಹೋದಳು. ಮಣಿಕಟ್ಟಿನ ಸುತ್ತ ಕೆಂಪು ಗೆರೆ ಇತ್ತು.

ಮಾರನೆಯ ದಿನ ವೈದ್ಯರಿಗೆ ಹೇಳಿದಾಗ ಅವರು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ಪರೀಕ್ಷೆ ಮಾಡೇ ಬಿಡೋಣ," ಎಂದರು. ಹೌದಾದರೆ ನನ್ನ ಕೈಯನ್ನು ಒಮ್ಮೆ ಒತ್ತು, ಅಲ್ಲವಾದರೆ ಎರಡು ಸಲ ಎಂದು ನಾನು ದೊಡ್ಡಮ್ಮನಿಗೆ ಹೇಳಿದೆ. ಇದು ಮನೆಯಾ? ಎರಡು. ಆಸ್ಪತ್ರೆಯಾ? ಒಂದು. ಕಡಲು ತೋರಿಸು ಎಂದೆ, ಬೆರಳು ಪಡುವಣಕ್ಕೆ. ಹುಟ್ಟಿದ ಮನೆ? ಬಡಗು, ಬೈಂದೂರಿಗೆ. ಕೊಟ್ಟ ಮನೆ? ಮೂಡು, ಕೊಕ್ಕರ್ಣೆಗೆ. ವೈದ್ಯರು ಫೋನಿನ ದಿಕ್ಸೂಚಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಒಂದೊಂದನ್ನೂ ನೋಡುತ್ತಿದ್ದರು. ಕೊನೆಗೆ ಫೋನನ್ನು ಜೇಬಿಗೆ ಹಾಕಿಕೊಂಡರು.

"ಅಜ್ಜಿ, ನನ್ನದು ತಪ್ಪಾಯ್ತು," ಎಂದರು. ನೇರ ಅವಳಿಗೇ ಹೇಳಿದರು. ಅದಕ್ಕೆ ನಾನು ಅವರನ್ನು ಇವತ್ತಿಗೂ ಗೌರವಿ­ಸುತ್ತೇನೆ.

ಮಾತಿನ ಚಿಕಿತ್ಸೆ ಸೋಮವಾರದಿಂದ ಎಂದು ಗೊತ್ತಾಯಿತು. ಹನ್ನೊಂದು ದಿನ ಕಳೆದದ್ದು ಕಳೆಯಿತು, ಇನ್ನೂ ತಡವಾಗಿಲ್ಲ ಎಂದರು. ನಾನು ಕಾಲೇಜಿಗೆ ರಜೆ ಹಾಕಿ ಅಲ್ಲೇ ಕೂತೆ. ಕೇಳಿದೆ, ಕೇಳಿದೆ, ದಿನವಿಡೀ ಕೇಳಿದೆ. ಬಾಯಾರಿಕೆಯಾ? ಸೆಕೆಯಾ? ಹಪ್ಪಳ ಒಳಗೆ ತೆಗೆದಿಟ್ಟೆ ಗೊತ್ತಾ? ನಿನ್ನ ಪಕ್ಕದ ಮಂಚದವರ ಗೊರಕೆ ಕೇಳುತ್ತದಾ? ಕೊನೆಯದಕ್ಕೆ ಕೈಯನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ನಾನು ನಕ್ಕುಬಿಟ್ಟೆ. ಅವಳ ಬಾಯಿಯ ಒಂದು ಬದಿಯೂ ನಕ್ಕಿತು.

ಶನಿವಾರ ಬೆಳಿಗ್ಗೆ ಎರಡನೆಯ ಆಘಾತ. ಹತ್ತು ಗಂಟೆಗೆ ಹೋದಳು.

ಹದಿಮೂರನೆಯ ದಿನದ ಕಾರ್ಯ ಮುಗಿಸಿ ನಾನು ತರಗತಿಗೆ ಹೋದಾಗ ಮಕ್ಕಳು ಎದ್ದು ನಿಂತರು, ಕೂರಲು ಹೇಳುವವರೆಗೆ ಕೂರಲಿಲ್ಲ. ಹಿಂದಿನ ಪಾಠದ ಕೊನೆಯ ವಾಕ್ಯವನ್ನು ಹೊಡೆದುಹಾಕಿ ಎಂದೆ. ಪುಸ್ತಕ ತೆರೆದು ಒಬ್ಬೊಬ್ಬರೇ ಅಡ್ಡಗೆರೆ ಎಳೆದರು. ಮಾತು ಹೋದರೂ ದಿಕ್ಕು ಹೋಗಿರಲಿಲ್ಲ, ಹೋದದ್ದು ನನ್ನದು ಎಂದೆ. ಆಮೇಲೆ ಮಂಚದ ಕಥೆಯನ್ನು ಇದ್ದ ಹಾಗೆ ಹೇಳಿದೆ. ಯಾರೂ ಬರೆದುಕೊಳ್ಳಲಿಲ್ಲ. ಬೈಂದೂರಿನವಳು ತಲೆ ತಗ್ಗಿಸಿ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದಳು. ಹೊರಗೆ ಬಂದ ಮೇಲೆ, "ನಾನ್ ಮುಂಚೆಯೇ ಕೇಣ್ಕಿತ್ತ್ ಮೇಡಂ," ಎಂದಳು. ನೀನಲ್ಲ ಮಗಾ, ಕೇಳಬೇಕಾದವಳು ನಾನು ಎಂದೆ. ಅವಳ ಬಸ್ಸಿಗೆ ಹೊತ್ತಾಗಿತ್ತು, ಹೋದಳು.

ಮಕ್ಕಳಿಗೆ ಹೇಳದೆ ಬಿಟ್ಟದ್ದು ಒಂದಿದೆ.

ಕೈ ಕಟ್ಟಿದ ಮೇಲಿನ ದಿನಗಳಲ್ಲಿ ಮುಂಬೈಯಿಂದ ದೊಡ್ಡಮ್ಮನ ತಮ್ಮನ ಮಗ ಫೋನ್ ಮಾಡಿದ್ದ. ಓಣಿಗೆ ಹೋಗಿ ಮಾತಾಡಬಹುದಿತ್ತು. ದಣಿದಿದ್ದೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೇ ಮಾತಾಡಿದೆ. ನೋಡಲು ಬರಲೇ ಎಂದು ಅವನು ಕೇಳಿದ. "ಬಂದು ಏನು ಮಾಡುತ್ತೀ? ಅವಳು ಹೋಗಿ ಆಯಿತು. ಇಲ್ಲಿರುವುದು ಬರೀ ಮೈ," ಎಂದೆ. ಅವಳ ತಲೆಯಿಂದ ಎರಡು ಗೇಣು ದೂರದಲ್ಲಿ ಕೂತು ಹೇಳಿದೆ. ಅವನು ಬರಲಿಲ್ಲ.

ಗುರುವಾರ ಮಧ್ಯಾಹ್ನ, ಅವಳ ಕೈ ನನ್ನ ಕೈಯೊಳಗೆ ಇದ್ದಾಗ, ಕೇಳದೆ ಇರಲಾಗಲಿಲ್ಲ.

"ದೊಡ್ಡಮ್ಮ, ಅವತ್ತ್ ಫೋನಂಗೆ ನಾನ್ ಹೇಳದ್ದ್ ನಿಂಗೆ ಕೇಂಡಿತಾ?"

ಅವಳು ನನ್ನನ್ನೇ ನೋಡಿದಳು. ಎರಡು ಸಲ ಒತ್ತಿ ನನ್ನನ್ನು ಬಿಟ್ಟುಬಿಡಬಹುದಿತ್ತು.

ಒಮ್ಮೆ ಒತ್ತಿದಳು.